ಲಗ್ನಪತ್ರಿಕೆಯ ಪಟ್ಟಿ

ಮದುವೆ ನಿಶ್ಚಯವಾದ ಮನೆಯಲ್ಲಿ ನೆಮ್ಮದಿಯನ್ನು ಕದಡತಕ್ಕದ್ದು ಒಡವೆವಸ್ತುಗಳ ಚಿಂತೆಯೆಂದು ವಾಚಕರು ತಿಳಿದಿರಬಹುದು. ನಮ್ಮ ಅನುಭವದಲ್ಲಿ ಅದು ಯಾರಾರನ್ನು ಕರೆಯಬೇಕೆಂಬ ಪಟ್ಟಿ. ಕಳೆದ ವೈಶಾಖದಲ್ಲಿ ನಮ್ಮ ಕಿರಿಯ ಮಗಳ ವಿವಾಹಕಾಲದಲ್ಲಿ ಇದು ಚೆನ್ನಾಗಿ ಮನದಟ್ಟಾಯಿತು.

ಛತ್ರದಲ್ಲಿ 400 ಜನರಿಗೆ ಸ್ಥಳ. ಬೀಗರೊಡನೆ ಕುಳಿತು, ಒಂದೊಂದು ಕಡೆಗೆ 200 ಎಂದು ಗೊತ್ತುಮಾಡಿಕೊಂಡೆವು. ಮನೆಗೆ ಬಂದು ನೋಡಿದರೆ, ನಮ್ಮ ಗೃಹಿಣಿಯವರು ಹಿರಿಯ ಮಗನ ಮದುವೆಯ ಮುಯ್ಯಿಯ ಪುಸ್ತಕವನ್ನು ಪೆಟ್ಟಿಗೆಯಿಂದ ತೆಗೆದಿಟ್ಟಿದ್ದರು. ಅದರಲ್ಲಿಯೇ 310 ಹೆಸರುಗಳು! ಮುಯ್ಯಿ ಮಾಡಿದವರನ್ನು ಬಿಡುವುದೆಂತು? "ಇವರ ಗೃಹಪ್ರವೇಶದಲ್ಲಿ ನಾವು ಉಂಡು ಬಂದಿದ್ದೇವೆ," "ಅವರನ್ನು ಬಿಟ್ಟರೆ ನಿಮ್ಮ ಅಕ್ಕ ನಮ್ಮ ಹೊಸಲು ತುಳಿಯುವುದಿಲ್ಲ" ಎಂದು ಒಂದೊಂದು ಹೆಸರಿಗೂ ವಕೀಲಿ ನಡೆಯಿತು. 'ವಧೂವರ'ರೆಂಬ ಸಮಾಸದಲ್ಲಿ ವಧುವಿಗೆ ಅಗ್ರಸ್ಥಾನ. ಪಟ್ಟಿಯಲ್ಲಿ ಮಾತ್ರ ಆಕೆಯ ಸರದಿ ಬಂದದ್ದು ಮೂರನೆಯ ರಾತ್ರಿ. ಆಗ ಉಳಿದಿದ್ದ ಸ್ಥಾನಗಳು 12.

ಇಷ್ಟು ಜನ ಬೇಕೇ ಎಂದರೆ, 1954ರ ವಿಶೇಷ ವಿವಾಹ ಕಾಯಿದೆಗೆ ಮೂವರು ಸಾಕ್ಷಿಗಳು ಸಾಕು. ಕುವೆಂಪುರವರು 1966ರಲ್ಲಿ ತಮ್ಮ ಮಗ ತೇಜಸ್ವಿಯವರ ಮದುವೆಯನ್ನು ಆಡಂಬರವಿಲ್ಲದೆ ಮಂತ್ರಮಾಂಗಲ್ಯದಿಂದ ನೆರವೇರಿಸಿದರು. ಆ ಧೈರ್ಯ ನಮಗಿಲ್ಲ. 2020ರಲ್ಲಿ ಕೋವಿಡ್ ಕಾಲದಲ್ಲಿ ಮದುವೆಗೆ 50 ಜನರೆಂದು ಸರ್ಕಾರವೇ ಕಟ್ಟುಮಾಡಿದಾಗ ಒಳಗೊಳಗೇ ಹಗುರಾದ ಗೃಹಸ್ಥರನ್ನು ನಾವು ಬಲ್ಲೆವು. ಬಿಟ್ಟವರು ತಾವಲ್ಲವಷ್ಟೆ!

ಮಗಳು ಬರೆದ ಮೊದಲ ಹೆಸರು ನಮ್ಮ ಪಾಠಶಾಲೆಯಲ್ಲಿ ಗಂಟೆ ಬಾರಿಸುತ್ತಿದ್ದ ಜವಾನನದು. ಮಳೆಗಾಲದಲ್ಲಿ ಆಕೆಯನ್ನು ಹೆಗಲ ಮೇಲೆ ಕೂರಿಸಿಕೊಂಡು ಹಳ್ಳ ದಾಟಿಸುತ್ತಿದ್ದವನು. ಬೀಗರ ಕಡೆಯಿಂದ ಇನ್ನೊಂದು ಹೆಸರು ಬಂದಾಗ, "ಅವನು ತಪ್ಪು ತಿಳಿಯುವವನಲ್ಲ" ಎಂದು ಹೇಳಿ ನಾವೇ ಅದನ್ನು ಹೊಡೆದುಹಾಕಿದೆವು. ಮಗಳು ಪಟ್ಟಿಯನ್ನು ನೋಡಿದಳು.

"ಹಾಗಾದರೆ ಅಪ್ಪ, ಕೋಪಿಸಿಕೊಳ್ಳುವವರಿಗೆ ಮಾತ್ರವೇ ಊಟ?" ಎಂದಳು.

ನಾವು ಉತ್ತರ ಕೊಡಲಿಲ್ಲ. ಮುಹೂರ್ತದ ದಿನ ಹಾಗೆ ಕರೆಸಿಕೊಂಡವರಲ್ಲಿ ಅನೇಕರು ಬರಲೇ ಇಲ್ಲ. ಕೊನೆಯ ಪಂಕ್ತಿಯಲ್ಲಿ ಎಲೆಗಳು ಖಾಲಿ ಉಳಿದವು.

ಎಂಟನೆಯ ದಿನ ಆ ಮುದುಕನು ಎರಡು ತೆಂಗಿನಕಾಯಿ, ಒಂದು ಕುಪ್ಪಸದ ಕಣವನ್ನು ಹಿಡಿದು ಜಗಲಿಗೆ ಬಂದನು. "ಮಗು ಗಂಡನ ಮನೆಗೆ ಹೋಯಿತೇ, ಮೇಷ್ಟ್ರೇ? ನನ್ನ ಪತ್ರಿಕೆ ಟಪಾಲಿನಲ್ಲಿ ಎಲ್ಲೋ ತಪ್ಪಿಹೋಗಿರಬೇಕು" ಎಂದನು.

"ಇರಬೇಕು" ಎಂದೆವು.