ಸೋದರಮಾವನ ಮನೆ ಎಂಬ ಕಿಂಡಿ

ಮಗುವಿನ ಮೇಲಿನ ದೌರ್ಜನ್ಯ ಎಂದೊಡನೆ ನಮ್ಮ ಹೆಂಗಸರ ಕಣ್ಣಿಗೆ ಕಟ್ಟುವುದು ಬರೆ ಹಾಕುವ ಮಲತಾಯಿ. ಕಾನೂನು ಅಷ್ಟಕ್ಕೇ ನಿಂತಿಲ್ಲ. ಮಗುವನ್ನು ವಶದಲ್ಲಿಟ್ಟುಕೊಂಡವರು ಹೊಡೆದರೆ, ತೊರೆದರೆ, ದೇಹಕ್ಕಾಗಲಿ ಮನಸ್ಸಿಗಾಗಲಿ ನೋವಾಗುವಂತೆ ಬೇಕೆಂದೇ ಅಲಕ್ಷಿಸಿದರೆ ಮೂರು ವರ್ಷದವರೆಗೆ ಸಜೆ, ಇಲ್ಲವೆ ಒಂದು ಲಕ್ಷ ರೂಪಾಯಿ ದಂಡ, ಇಲ್ಲವೆ ಎರಡೂ ಎನ್ನುತ್ತದೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ. ಕೈಮೀರಿದ ಪರಿಸ್ಥಿತಿಯಲ್ಲಿ ಮಗುವನ್ನು ಬಿಟ್ಟ ಹೆತ್ತವರನ್ನು ಅದು ದಂಡಿಸುವುದಿಲ್ಲ. ಇದು ನನಗೆ ಮೆಚ್ಚುಗೆಯಾದ ಮಾತು. ಕಾರ್ಮಿಕ ಕಾನೂನಿಗೆ ವಿರುದ್ಧವಾಗಿ ದುಡಿಯುತ್ತಿರುವ ಮಗುವನ್ನೂ ರಕ್ಷಣೆ ಬೇಕಾದ ಮಗುವೆಂದೇ ಈ ಕಾಯ್ದೆ ಎಣಿಸುತ್ತದೆ.

ಆದರೆ ಯಾವುದು ವಿರುದ್ಧ? ತಕರಾರು ಇರುವುದು ಇಲ್ಲೇ.

2016ರಲ್ಲಿ ಬಾಲಕಾರ್ಮಿಕ ಕಾಯ್ದೆಗೆ ತಿದ್ದುಪಡಿಯಾಯಿತು. ಹದಿನಾಲ್ಕರೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ ಎಂದರು. ಸಂತೋಷಪಡುವಷ್ಟರಲ್ಲಿ ಒಂದು ಕಿಂಡಿ ತೆರೆದರು: ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ, ಮನೆಯ ಉದ್ಯೋಗಕ್ಕೆ 'ನೆರವಾಗಬಹುದು'. ಅಪಾಯದ ಪಟ್ಟಿಯಲ್ಲಿರುವ ಕೆಲಸ ಮಾತ್ರ ಕೂಡದು. ಮನೆ ಎಂದರೆ ಅಪ್ಪ ಅಮ್ಮ ಮಾತ್ರವಲ್ಲ. ಚಿಕ್ಕಪ್ಪ, ದೊಡ್ಡಪ್ಪ, ಸೋದರತ್ತೆ, ಸೋದರಮಾವ, ಚಿಕ್ಕಮ್ಮ, ದೊಡ್ಡಮ್ಮ ಎಲ್ಲರೂ ಸೇರಿದರು. ನಮ್ಮ ಕಡೆ ಮಾವನಲ್ಲದ ಗಂಡಸು ಯಾರಿದ್ದಾನೆ ಹೇಳಿ!

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಮನೆಮನೆಯ ವ್ಯವಹಾರ. ಕುದಿನೀರಲ್ಲಿ ಬೆಂದ ಗೂಡಿನಿಂದ ಎಳೆ ಹುಡುಕಲು ಸಣ್ಣ ಬೆರಳೇ ಲೇಸು ಎಂದು ನಂಬಿದ್ದ ಕಾಲವೊಂದಿತ್ತು. ಕರ್ನಾಟಕದ ರೇಷ್ಮೆ ಉದ್ಯಮದಲ್ಲಿ ಮಕ್ಕಳು ಜೀತಕ್ಕಿರುವುದನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಪುಸ್ತಕವಾಗಿಯೇ ಹೊರತಂದಿತು. ಈಗ ಹಾಗಿಲ್ಲ ಅನ್ನುತ್ತಾರೆ. ಕಡಿಮೆಯಾಗಿದೆ, ಒಪ್ಪುತ್ತೇನೆ. ಆದರೆ ಗೂಡು ಆರಿಸುವ ಹುಡುಗಿ, ಚಿಂತಾಮಣಿಯ ಕಡೆ ಟೊಮೇಟೊ ಕೀಳುವ ಹುಡುಗ ಮಾವನಿಗೆ ನೆರವಾಗುತ್ತಿರುವರೋ, ಮಾವನ ಸಾಲಕ್ಕೆ ದುಡಿಯುತ್ತಿರುವರೋ ಎಂದು ಕೇಳುವವರಾರು?

2017ರ ನಿಯಮಗಳು ದಿನಕ್ಕೆ ಮೂರೇ ಗಂಟೆ, ಸಂಜೆ ಏಳರಿಂದ ಬೆಳಗ್ಗೆ ಎಂಟರವರೆಗೆ ಕೂಡದು ಎನ್ನುತ್ತವೆ. ಗಡಿಯಾರ ಹಿಡಿದು ಆ ಕೊಟ್ಟಿಗೆಯಲ್ಲಿ ನಿಲ್ಲಲು ಯಾವ ಇನ್‌ಸ್ಪೆಕ್ಟರು ಬರುತ್ತಾರೆ? ನಮಗೆ ಸಿಗುವುದು ಮೊದಲ ಪೀರಿಯಡ್ಡಿನಲ್ಲೇ ತೂಕಡಿಸುವ ತಲೆ. ಅದನ್ನು ಬರೆಯಲು ಹಾಜರಿ ಪುಸ್ತಕದಲ್ಲಿ ಕಾಲಂ ಇಲ್ಲ. ಆ ಮಗು 'ಹಾಜರ್'.

ಬಾರದ ಮಗುವಿನ ಕಥೆ ಇನ್ನೂ ವಿಚಿತ್ರ. ಹೇಳದೆ ಕೇಳದೆ ಸತತ ಮೂವತ್ತು ದಿನ ಗೈರಾದ ಮೇಲೆ ಮುಖ್ಯೋಪಾಧ್ಯಾಯರು ನೋಡಲ್ ಅಧಿಕಾರಿಗೆ ತಿಳಿಸಬೇಕಂತೆ. ಇಪ್ಪತ್ತೊಂಬತ್ತನೆಯ ದಿನ ಒಂದು ಸಲ ಬಂದು ಕೂತರೆ ಲೆಕ್ಕ ಮತ್ತೆ ಒಂದರಿಂದ! ಮೂವತ್ತು ದಿನದಲ್ಲಿ ಹುಡುಗಿಯ ಮದುವೆಯೇ ಮುಗಿದಿರುತ್ತದೆ.

ಮಗಳ ಮದುವೆಗೆ ಸೀರೆ ಆರಿಸುವ ಸೋದರಿಯರೇ, ಸಿಟ್ಟಾಗಬೇಡಿ. ನಿಮ್ಮ ಪಾತ್ರೆ ತೊಳೆಯುವ ಹುಡುಗಿಯನ್ನು 'ನಮ್ಮ ಮನೆ ಮಗಳಿದ್ದಂತೆ' ಅನ್ನುತ್ತೀರಲ್ಲ, ಅದೂ ಮಾವನ ಮಾತೇ. ಮನೆಗೆಲಸಕ್ಕೆ ಹದಿನಾಲ್ಕರೊಳಗಿನವರು ಕೂಡದೆಂದು 2006ರ ಅಕ್ಟೋಬರಿನಿಂದಲೇ ಆಗಿದೆ.

ನನ್ನ ಬೇಡಿಕೆ ಎರಡೇ. ಆ ಮೂವತ್ತನ್ನು ಏಳು ಮಾಡಿ. ಕಾಯ್ದೆಯ ಕುಟುಂಬದಿಂದ ಮಾವನನ್ನೂ ಚಿಕ್ಕಪ್ಪನನ್ನೂ ತೆಗೆದುಹಾಕಿ. ಅವರು ಹಬ್ಬಕ್ಕೆ ಬರಲಿ.