ದೇಣಿಗೆಯ ಚೀಲಕ್ಕೂ ಚೀಟಿ ಬೇಕು



ಬಿತ್ತನೆ ಬೀಜ ಕೊಳ್ಳುವಾಗ ನೀವು ಮೊದಲು ನೋಡುವುದು ಚೀಲಕ್ಕೆ ಹೊಲಿದ ಚೀಟಿಯನ್ನು. ಪ್ರಮಾಣಿತ ಬೀಜವಾದರೆ ಚೀಟಿ ನೀಲಿ ಬಣ್ಣದ್ದಿರಬೇಕು. ತಳಿ ಯಾವುದು, ಪರೀಕ್ಷೆ ಎಂದು ಆಯಿತು ಎಂಬ ವಿವರವಿರಬೇಕು. ಚೀಟಿಯಿಲ್ಲದ ಬೀಜವನ್ನು ಪುಕ್ಕಟೆ ಕೊಟ್ಟರೂ ತಿಳಿದ ರೈತ ಹೊಲಕ್ಕೆ ಹಾಕುವುದಿಲ್ಲ. ಆದರೆ ನಮ್ಮ ರಾಜಕೀಯ ಪಕ್ಷಗಳಿಗೆ 2018ರಿಂದ 2024ರವರೆಗೆ ಚೀಟಿಯಿಲ್ಲದ ಹಣ ಹರಿದು ಬಂತು. ಅದೇ ಚುನಾವಣಾ ಬಾಂಡ್.

ಕಂಪನಿಗಳು ಪಕ್ಷಗಳಿಗೆ ದೇಣಿಗೆ ಕೊಡುವುದು ಹೊಸತಲ್ಲ. 1969ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. 1985ರಲ್ಲಿ ಮಿತಿ ಹಾಕಿ ಮತ್ತೆ ಒಪ್ಪಿತು. 2013ರ ಕಂಪನಿ ಕಾಯ್ದೆಯಂತೆ, ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡ 7.5ಕ್ಕಿಂತ ಹೆಚ್ಚು ಕೊಡುವಂತಿರಲಿಲ್ಲ. ಯಾವ ಪಕ್ಷಕ್ಕೆ ಎಷ್ಟು ಎಂಬುದನ್ನು ಲೆಕ್ಕದಲ್ಲಿ ತೋರಿಸಬೇಕಿತ್ತು. 2017ರಲ್ಲಿ ಈ ಎರಡು ಬೇಲಿಗಳನ್ನೂ ಕಿತ್ತುಹಾಕಲಾಯಿತು. ನಷ್ಟದಲ್ಲಿರುವ ಕಂಪನಿಯೂ ಎಷ್ಟಾದರೂ ಕೊಡಬಹುದಾಯಿತು. ಸ್ಟೇಟ್ ಬ್ಯಾಂಕಿನಲ್ಲಿ ಒಂದು ಸಾವಿರದಿಂದ ಒಂದು ಕೋಟಿ ರೂಪಾಯಿವರೆಗಿನ ಬಾಂಡ್ ಕೊಂಡು ಪಕ್ಷಕ್ಕೆ ಒಪ್ಪಿಸಿದರೆ ಆಯಿತು. ಕೊಟ್ಟವರ ಹೆಸರು ಮತದಾರನಿಗೆ ತಿಳಿಯುತ್ತಿರಲಿಲ್ಲ.

ಕಪ್ಪು ಹಣ ತಪ್ಪಿ ಬ್ಯಾಂಕಿನ ಮೂಲಕ ಹಣ ಬರಲಿ, ಕೊಟ್ಟವರಿಗೆ ಬೇರೆ ಪಕ್ಷದವರ ಕಿರುಕುಳ ಆಗದಿರಲಿ ಎಂಬುದು ಇದರ ಸಮರ್ಥನೆಯಾಗಿತ್ತು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಕೊಟ್ಟವನು ತಾನು ಕೊಟ್ಟೆನೆಂದು ಪಕ್ಷದ ಕಿವಿಯಲ್ಲಿ ಹೇಳಲು ಅಡ್ಡಿಯೇನಿತ್ತು? ಕತ್ತಲಲ್ಲಿ ಉಳಿದವರು ನೀವು ಮತ್ತು ನಾವು ಮಾತ್ರ.

ದೇಣಿಗೆ ಕೊಟ್ಟವರೆಲ್ಲ ಲಂಚ ಕೊಟ್ಟರೆಂದು ಹೇಳಲಾಗದು. ಆದರೂ ಮಂಡಿಯ ವ್ಯವಹಾರ ನಿಮಗೆ ಗೊತ್ತು. ದಲಾಲಿ ಅಂಗಡಿಯಲ್ಲಿ ಮುಂಗಡ ತಂದವನು ಮಾಲನ್ನು ಬೇರೆ ಅಂಗಡಿಗೆ ಹಾಕಲಾರ; ತೂಕದಲ್ಲಿ, ದರದಲ್ಲಿ ಗಟ್ಟಿಯಾಗಿ ಮಾತನಾಡಲಾರ. ಚುನಾವಣೆಗೆ ಮುಂಗಡ ಪಡೆದ ಪಕ್ಷದ ಸ್ಥಿತಿಯೂ ಇದೇ. ಬೀಜ, ಗೊಬ್ಬರ, ಬೆಳೆ ವಿಮೆ, ಮಾರುಕಟ್ಟೆ, ಭೂಸ್ವಾಧೀನ ಇವುಗಳ ಕಾನೂನು ಆಗುವಾಗ ರೈತನೂ ಅರ್ಜಿ ಹಿಡಿದು ಹೋಗುತ್ತಾನೆ, ಕಂಪನಿಯವರೂ ಹೋಗುತ್ತಾರೆ. ಬಾಗಿಲು ಯಾರಿಗೆ ಮೊದಲು ತೆರೆಯುತ್ತದೆ ಎಂಬುದೇ ಪ್ರಶ್ನೆ.

2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಈ ಯೋಜನೆಯನ್ನು ರದ್ದು ಮಾಡಿತು. ಪಕ್ಷಕ್ಕೆ ಹಣ ಕೊಟ್ಟವರು ಯಾರೆಂದು ತಿಳಿಯುವುದು ಮತದಾರನ ಹಕ್ಕು ಎಂದಿತು. ಕಂಪನಿಗಳ ಮೇಲಿನ ಮಿತಿ ತೆಗೆದದ್ದೂ ತಪ್ಪೆಂದಿತು. ಮಾರ್ಚ್ 14ರಂದು ಪಟ್ಟಿ ಹೊರಬಿತ್ತು. ಒಟ್ಟು 16,000 ಕೋಟಿ ರೂಪಾಯಿಗೂ ಹೆಚ್ಚಿನ ಬಾಂಡ್‌ಗಳು ಮಾರಾಟವಾಗಿದ್ದವು. ಪಟ್ಟಿಯಲ್ಲಿ ಮೊದಲ ಸ್ಥಾನ 1,368 ಕೋಟಿ ಕೊಟ್ಟ ಒಂದು ಲಾಟರಿ ಕಂಪನಿಯದು. ಅತಿ ಹೆಚ್ಚು ಹಣ ಸಂದದ್ದು ಕೇಂದ್ರದಲ್ಲಿ ಆಡಳಿತದಲ್ಲಿದ್ದ ಭಾರತೀಯ ಜನತಾ ಪಕ್ಷಕ್ಕೆ. ಕಾಂಗ್ರೆಸ್ಸಿಗೂ, ಹಲವು ರಾಜ್ಯಗಳನ್ನು ಆಳಿದ ಪಕ್ಷಗಳಿಗೂ ಪಾಲು ಸಂದಿತ್ತು. ಆದ್ದರಿಂದ ಇದು ಒಂದು ಪಕ್ಷದ ಮಾತಲ್ಲ.

ಕಳೆ ಒಮ್ಮೆ ಕಿತ್ತರೆ ಮುಗಿಯಲಿಲ್ಲ. 2022ರಲ್ಲಿ ನಿಗದಿಯಾದಂತೆ ನಮ್ಮ ರಾಜ್ಯದಲ್ಲಿ ವಿಧಾನಸಭೆಯ ಅಭ್ಯರ್ಥಿ 40 ಲಕ್ಷ, ಲೋಕಸಭೆಯ ಅಭ್ಯರ್ಥಿ 95 ಲಕ್ಷ ರೂಪಾಯಿವರೆಗೆ ಮಾತ್ರ ಖರ್ಚು ಮಾಡಬಹುದು. ಪಕ್ಷ ಮಾಡುವ ಖರ್ಚಿಗೆ ಮಾತ್ರ ಮಿತಿಯೇ ಇಲ್ಲ. ಖರ್ಚಿಗೆ ಕೊನೆಯಿಲ್ಲದಿದ್ದರೆ ಹಣವಂತರ ಹಂಗಿಗೂ ಕೊನೆಯಿಲ್ಲ.

ಇನ್ನು ನಮ್ಮ ಕೆಲಸ. ಇಪ್ಪತ್ತು ಸಾವಿರ ರೂಪಾಯಿ ಮೀರಿದ ದೇಣಿಗೆಗಳ ವಿವರವನ್ನು ಪಕ್ಷಗಳು ಪ್ರತಿವರ್ಷ ಚುನಾವಣಾ ಆಯೋಗಕ್ಕೆ ಕೊಡಬೇಕು. ಆಯೋಗ ಅದನ್ನು ತನ್ನ ಜಾಲತಾಣದಲ್ಲಿ ಹಾಕುತ್ತದೆ. ಊರಿನ ಓದಿದ ಹುಡುಗರಿಂದ ಅದನ್ನು ತೆಗೆಸಿ, ಕಟ್ಟೆಯ ಮೇಲೆ ಕುಳಿತು ಓದಿಸಿ ಕೇಳಿರಿ. ಮತ ಕೇಳಲು ಬಂದವರನ್ನು ಗೌರವದಿಂದ ಕೂರಿಸಿ, ನಿಮ್ಮ ಪಕ್ಷಕ್ಕೆ ಹಣ ಕೊಟ್ಟವರು ಯಾರು ಎಂದು ಕೇಳಿರಿ. ಹಿಂದಿನ ರಾತ್ರಿ ಬಾಗಿಲಿಗೆ ಬರುವ ನೋಟನ್ನು ಮುಟ್ಟಬೇಡಿರಿ. ಆ ನೋಟಿಗೂ ಚೀಟಿ ಇರುವುದಿಲ್ಲ, ಅದನ್ನು ಪಡೆದವನಿಗೆ ಈ ಪ್ರಶ್ನೆ ಕೇಳುವ ಬಾಯಿಯೂ ಇರುವುದಿಲ್ಲ.