ಮರಳಿನ ಮೇಲಿನ ಹಸಿರು

ದುಬೈಯಿಂದ ಬಂದ ನನ್ನ ತಮ್ಮನ ಮಗ ಎಮಿರೇಟ್ಸ್ ಗಾಲ್ಫ್ ಕ್ಲಬ್ಬಿನ ಫೋಟೋ ತೋರಿಸಿದ. 1988ರಲ್ಲಿ ಮರಳುಗಾಡಿನಲ್ಲಿ ಹುಲ್ಲು ಬೆಳೆಸಿ ತೆರೆದದ್ದು. ಮರುವರ್ಷವೇ ಅಲ್ಲಿ ದೊಡ್ಡ ಪಂದ್ಯ. “ನೋಡತ್ತಿ, ಮನಸ್ಸು ಮಾಡಿದ್ರ ಹಿಂಗ! ನಮ್ಮ ಹುನಗುಂದ ಇದ್ದಲ್ಲೇ ಐತಿ” ಎಂದ.

ನನಗೆ ಸಿಟ್ಟೇ ಬಂತು. ಕುಳಿಗೆ ಚೆಂಡು ಹೊಡೆಯಲು, ಉಪ್ಪು ತೆಗೆದ ಸಮುದ್ರದ ನೀರು ಕುಡಿಯುವ ಹುಲ್ಲು! ದನವೂ ಮೇಯುವಂತಿಲ್ಲ. ಆಟ ತಪ್ಪೆನ್ನುವುದಿಲ್ಲ, ಚಿಣ್ಣಿದಾಂಡು ನಾನೂ ಆಡಿದವಳೇ, ಬರಿನೆಲ ಸಾಕಿತ್ತು. ನಲ್ಲಿಯ ಮುಂದೆ ಕೊಡ ಸಾಲಿಟ್ಟು ಕಾಯುವ ನಾವು ಅಂಥ ಹಸಿರಿಗೆ ಬೆರಗಾಗಬೇಕೆ? ನಮ್ಮ ಎರೆಹೊಲದವರು ಒಡ್ಡು ಹಾಕಿ ಮಳೆನೀರು ಇಂಗಿಸಿ, ಆ ಹಸಿಯಲ್ಲೇ ಹಿಂಗಾರಿ ಜೋಳ ಬೆಳೆಯುತ್ತಾರೆ. ಬಿತ್ತಿದ ಮೇಲೆ ಒಂದು ಕೊಡ ನೀರು ಹಾಕುವುದಿಲ್ಲ. ಅದರ ಫೋಟೋ ಯಾರು ಹಿಡಿದಾರು?

ಎಳ್ಳಮವಾಸ್ಯೆಗೆ ಚರಗ ಚೆಲ್ಲಲು ಕರೆದೊಯ್ದು ತೋರಿಸಬೇಕಿತ್ತು. ಅಷ್ಟರಲ್ಲಿ ಅವನ ರಜೆ ಮುಗಿಯಿತು.